ತೊಟ್ಟಿಗೊಂದು ತಾರೀಖು

ಮನೆ ಮಾಲೀಕರು ಬೈದರೆ ಚಿಂತೆಯಿಲ್ಲ. ಬೈದು ಮರೆತುಬಿಡುತ್ತಾರೆ. ನಮ್ಮ ಮಾಲೀಕರು ಬೈಯುವುದೇ ಇಲ್ಲ. ತಾರೀಖು ಹಾಕುತ್ತಾರೆ.

ಧಾರವಾಡದ ಸಪ್ತಾಪುರದಲ್ಲಿ ನಮ್ಮದು ಕೆಳಗಿನ ಮನೆ, ಅವರದು ಮಹಡಿ. ಓಣಿಯವರೆಲ್ಲ ಅವರನ್ನು ಕಾಕಾ ಅಂತಾರೆ, ನಾವೂ ಹಾಗೇ. ಸರ್ವೇಯರ್ ಆಗಿದ್ದು ರಿಟೈರ್ ಆದವರು. ಅಳೆಯುವ ಚಟ ಮಾತ್ರ ಇನ್ನೂ ಸರ್ವಿಸಿನಲ್ಲೇ ಇದೆ. ಹೋದ ದೀಪಾವಳಿಗೆ ಅಂಗಳಕ್ಕೆಲ್ಲ ಹೊಸ ಫರಸಿ ಹಾಕಿಸಿದರು. ಒಂದೊಂದು ಕಲ್ಲನ್ನೂ ತಾವೇ ನಿಂತು ಆರಿಸಿದ್ದು. ಅದರ ಮೇಲೆ ಇಂಜಿನ್ ಎಣ್ಣೆಯ ಮೊದಲ ಕಪ್ಪು ತೊಟ್ಟು ಬಿಟ್ಟದ್ದು ನನ್ನ ಮಾರುತಿ 800.

ಕಾಕಾ ಒಂದು ಮಾತೂ ಆಡಲಿಲ್ಲ. ಮೇಲೆ ಹೋಗಿ ಚಾಕ್‌ಪೀಸ್ ತಂದರು. ಕಲೆಯ ಸುತ್ತ ಒಂದು ವೃತ್ತ ಎಳೆದು, ಕೆಳಗೆ ದಿನ, ತಿಂಗಳು, ವರ್ಷ ಬರೆದರು. ಅಕ್ಷರ ಅಚ್ಚು ಹಾಕಿದ ಹಾಗೆ.

ಅಲ್ಲಿಂದ ಇದೇ ಕೆಲಸ. ವಾಕಿಂಗ್ ಮುಗಿಸಿ ಬರುತ್ತಾರೆ. ಗೇಟ್ ಹಾಕುತ್ತಾರೆ. ಮಂಡಿ ಮೇಲೆ ಕೈ ಊರಿ ಕಾರಿನ ಕೆಳಗೆ ಬಗ್ಗುತ್ತಾರೆ. ಒಂದು ಬೆರಳು ಅದ್ದಿ, ಹೆಬ್ಬೆರಳಿಗೆ ತಿಕ್ಕಿ, ಮೂಗಿನ ಹತ್ತಿರ ಒಯ್ದು, ಕಿಟಕಿಯಲ್ಲಿ ಚಹಾ ಕುಡಿಯುತ್ತಾ ನಿಂತ ನನಗೆ ಕೇಳುವಷ್ಟು ದನಿಯಲ್ಲಿ ಹೇಳುತ್ತಾರೆ: "ರಾತ್ರಿ ಮತ್ತ ಅತ್ತದ ನೋಡ್ರಿ ನಿಮ್ಮ ಗಾಡಿ." ಕಲೆ ಹಳೇ ವೃತ್ತ ದಾಟಿದ್ದರೆ ಹೊರಗೆ ಇನ್ನೊಂದು ವೃತ್ತ, ಅದಕ್ಕೂ ತಾರೀಖು. ಸಿಲಿಂಡರ್ ತಂದ ಹುಡುಗ ಗೇಟಿನಲ್ಲೇ ನಿಂತು, "ಇಲ್ಲೇನರ ಆಗೇತೇನ್ರಿ?" ಅಂತ ಕೇಳಿದ. ಪೊಲೀಸರು ಪಂಚನಾಮೆ ಮಾಡಿ ಹೋದ ಜಾಗದಂತೆ ಕಾಣುತ್ತಿತ್ತು, ಅವನದೇನು ತಪ್ಪು? ಓಣಿಯ ಮಕ್ಕಳು ಮಾತ್ರ ಆ ಗೆರೆಗಳ ಮೇಲೆ ಕುಂಟಬಿಲ್ಲೆ ಶುರು ಮಾಡಿದ್ದರು.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಏಸಿ ಹಾಕಿಕೊಂಡು ಬಂದು ಗಾಡಿ ನಿಲ್ಲಿಸಿದೆ. ಕೆಳಗೆ ನೀರು ಸೋರಿತು. ಏಸಿ ಓಡಿದರೆ ನೀರು ಬೀಳುವುದು ಸಹಜ, ಎಲ್ಲ ಕಾರಿನಲ್ಲೂ ಬೀಳುತ್ತದೆ. ಕಾಕಾ ದೊಡ್ಡದೊಂದು ವೃತ್ತ ಎಳೆದುಬಿಟ್ಟಿದ್ದರು.

"ಕಾಕಾ, ಇದು ಬರೇ ನೀರು."

ಬೆರಳು ಅದ್ದಿದರು. ಮೂಸಿದರು. "ಹೌದು, ನೀರ ಅದ." ಸ್ವಲ್ಪ ಯೋಚಿಸಿ, "ಇರ್ಲಿ, ದಾಖಲೆಗೆ ಇರ್ಲಿ," ಅಂದು ತಾರೀಖು ಬರೆದರು.

ಕಲೆ ಬೀಳದಿರಲಿ ಅಂತ ನಾನು ಕೆಳಗೆ ರಟ್ಟು ಹಾಸಿದೆ. ಕಾಕಾ ರಟ್ಟಿನ ಮೇಲೂ ಬರೆದರು. ಹಳೇ ರಟ್ಟುಗಳನ್ನು ದಾರ ಕಟ್ಟಿ ಜಿನೆಯ ಕೆಳಗೆ ಇಟ್ಟಿದ್ದಾರಂತೆ. ಯಾಕೆ ಅಂತ ಕೇಳುವ ಧೈರ್ಯ ನನಗಿಲ್ಲ.

ಇದು ಮನೆಯ ಕಥೆ. ಗ್ಯಾರೇಜಿನದು ಇದಕ್ಕೆ ಪೂರ್ತಿ ಉಲ್ಟಾ. ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಮಿಸ್ತ್ರಿಗೆ ಜಗತ್ತಿನಲ್ಲಿ ಯಾವ ತೊಂದರೆಯೂ ತೊಂದರೆಯಲ್ಲ. ಬಾನೆಟ್ ಎತ್ತಿ, ಒಳಗೆ ಇಣುಕಿ, ಮತ್ತೆ ಹಾಕಿ, "ಇದು ಸೋರೂದಲ್ರೀ ಸರ್, ಬೆವರೂದು. ಹಂಗ ಓಡಸ್ರಿ, ಏನಾಗಂಗಿಲ್ಲ," ಅಂದ. ಕಾಕಾ ಬರೆದದ್ದರ ಫೋಟೋ ಮೊಬೈಲಿನಲ್ಲಿ ತೋರಿಸಿದೆ. ದೊಡ್ಡದು ಮಾಡಿ, ಆಚೆ ಈಚೆ ಸರಿಸಿ ನೋಡಿದ. "ಅಕ್ಷರ ಭಾಳ ಚಂದ ಅದಾವ್ರಿ. ಯಾರ್ ಬರದಾರ?"

ಬೆವರುವ ಗಾಡಿ ಉಣಕಲ್ ಸಿಗ್ನಲ್ಲಿನಲ್ಲಿ ಸುಟ್ಟ ವಾಸನೆ ಯಾಕೆ ಹೊಡೆಯಬೇಕು ಅಂತ ಕೇಳಿದೆ. ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸು ತನಗೇ ಮೀಸಲಾದ ದಾರಿಯಲ್ಲಿ ತಾನು ಹೊರಟುಹೋಗುತ್ತದೆ, ನಾವು ಪಕ್ಕದಲ್ಲಿ ನಿಂತೇ ಇರುತ್ತೇವೆ, ಆಗ ಗಾಡಿಯೊಳಗೆ ಬಜ್ಜಿ ಕರಿದ ಎಣ್ಣೆ ಸೀದ ವಾಸನೆ. ಆಮೇಲೆ ಮಿಸ್ತ್ರಿ ಸ್ವಲ್ಪ ಗಂಭೀರನಾದ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ಬಿದ್ದರೆ ಹಾಗಾಗುತ್ತದೆ, ಅದನ್ನು ಬಿಡಬಾರದು ಅಂತ ಅವನೇ ಹೇಳಿದ.

ಅವನು ಅವತ್ತು ಹೇಳಿದ ಇನ್ನೊಂದು ಮಾತು ಕೇಳಿ ಕಾಕಾನ ಸರ್ವೆಯೆಲ್ಲ ದಂಡ ಅನಿಸಿತು. ಎಣ್ಣೆ ಬೀಳುವ ಜಾಗವೇ ಬೇರೆ, ಸೋರುವ ಜಾಗವೇ ಬೇರೆ. ಮೇಲೆಲ್ಲೋ ಸೋರಿದ್ದು ಇಂಜಿನ್ ಮೈ ಮೇಲೆ ಇಳಿದು, ಓಡುವಾಗ ಗಾಳಿಗೆ ಹಿಂದಕ್ಕೆ ಹರಿದು, ಎಣ್ಣೆ ನಿಲ್ಲುವ ಕೆಳಗಿನ ಚೇಂಬರಿನ ಯಾವುದೋ ಒಂದು ಬೋಲ್ಟಿಗೆ ಬಂದು ತೊಟ್ಟಿಕ್ಕುತ್ತದೆ. ಕೆಳಗೆ ನೋಡಿ ಚೇಂಬರ್ ಪ್ಯಾಕಿಂಗ್ ಬದಲಿಸಿದರೆ ದುಡ್ಡೂ ಹೋಯ್ತು, ಸೋರುವುದೂ ನಿಲ್ಲಲಿಲ್ಲ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು ಅಂತ ಹುಡುಕಬೇಕು.

ಹುಡುಕುವುದು ಹೇಗೆ ಅಂದರೆ, ಪೌಡರ್ ಹಾಕಿ! ಡೀಸೆಲ್ ಮತ್ತು ಬ್ರಶ್ಶಿನಿಂದ ಇಂಜಿನ್ ತೊಳೆದು, ಒರೆಸಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನೇ ಉದುರಿಸಿದರು. ಒಂದು ಸುತ್ತು ಓಡಿಸಿಕೊಂಡು ಬಂದು ನೋಡಿದರೆ ಬಿಳಿ ಪೌಡರಿನಲ್ಲಿ ಕಪ್ಪು ಗೀಟು ಎದ್ದು ಕಾಣುತ್ತದೆ. ಗ್ಯಾರೇಜಿಗೆಲ್ಲ ಗಂಧದ ಘಮ. ಡಬ್ಬಿಯಲ್ಲಿ ಉಳಿದದ್ದನ್ನು ಕೆಲಸದ ಹುಡುಗ ಕನ್ನಡಿ ನೋಡಿಕೊಂಡು ಮುಖಕ್ಕೆ ಹಚ್ಚಿಕೊಂಡ.

ಕಪ್ಪು ಗೀಟು ಇದ್ದದ್ದು ಟ್ಯಾಪೆಟ್ ಕವರಿನ, ಅಂದರೆ ಇಂಜಿನ್ನಿನ ಮೇಲಿನ ಮುಚ್ಚಳದ ಅಂಚಿನಲ್ಲಿ. ಒಳಗಿನ ರಬ್ಬರ್ ಪ್ಯಾಕಿಂಗ್ ಬಿಸಿಗೆ ಬೆಂದು ಪ್ಲಾಸ್ಟಿಕ್ಕಿನಷ್ಟು ಗಟ್ಟಿ. ಬಗ್ಗಿಸಿದರೆ ಟಪ್ ಅಂತ ಮುರಿಯಿತು. ಹೊಸದು ಹಾಕಿದರು. ಹುಡುಗ ಪಾನಾ ಹಿಡಿದು ಜೋರಾಗಿ ತಿರುವಲು ಹೋದಾಗ ಮಿಸ್ತ್ರಿ ಬೈದ, ಜಾಸ್ತಿ ಬಿಗಿ ಮಾಡಿದರೆ ಪ್ಯಾಕಿಂಗ್ ಹಿಸುಕಿ ಮತ್ತೆ ಸೋರುತ್ತದಂತೆ. ಇಂಜಿನ್ನಿನ ಹೊಗೆ ಹೊರಹೋಗುವ ಬ್ರೀದರ್ ಪೈಪನ್ನೂ ಬಿಡಿಸಿ ತೊಳೆದ. ಅದು ಕಟ್ಟಿಕೊಂಡಿದ್ದರೆ ಒಳಗೆ ಒತ್ತಡ ಹೆಚ್ಚಾಗಿ ಸಿಕ್ಕ ಸಂದಿಯಲ್ಲೆಲ್ಲ ಎಣ್ಣೆ ಹೊರಗೆ ಬರುತ್ತದೆ.

ಮುಕ್ಕಾಲು ಪಾಲು ನಿಂತಿತು. ಇನ್ನೂ ಕಾಲು ಪಾಲು ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ ತಡೆಯುವ ಕ್ರ್ಯಾಂಕ್ ಸೀಲಿನದು. ಸೀಲಿನ ಬೆಲೆ ನೂರರ ಲೆಕ್ಕ, ಅಲ್ಲಿಗೆ ಕೈ ಹೋಗಬೇಕಾದರೆ ಗೇರ್‌ಬಾಕ್ಸ್ ಇಳಿಸುವ ಕೂಲಿ ಸಾವಿರದ ಲೆಕ್ಕ. "ಈಗ ಬ್ಯಾಡ್ರಿ. ಮುಂದ ಕ್ಲಚ್ ಪ್ಲೇಟ್ ಹಾಕ್ಸೂಮುಂದ ಹೆಂಗೂ ಗೇರ್‌ಬಾಕ್ಸ್ ಇಳಸ್ತೇವಲ್ರಿ, ಆವಾಗ ಮಾಡೂಣು. ಅಲ್ಲೀಮಟ ಎಣ್ಣಿ ಎಷ್ಟ ಅದ ಅಂತ ಕಡ್ಡಿ ಎಳದು ನೋಡ್ಕೋತ ಇರ್ರಿ."

ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು ಮದ್ದು ಗೊತ್ತು. ಒಬ್ಬ ದಪ್ಪ 20ಡಬ್ಲ್ಯೂ-50 ಎಣ್ಣೆ ಹಾಕು ಅಂದ. ಇನ್ನೊಬ್ಬ ಲೀಕ್ ನಿಲ್ಲಿಸುವ ಬಾಟಲಿ ಸಿಗುತ್ತದೆ, ಸುರಿ ಅಂದ. ಉಳಿದವರದು ಒಂದೇ ಮಾತು, ಮಾರಿಬಿಡು. 2014ರಲ್ಲಿ ತಯಾರಿಕೆಯೇ ನಿಂತ ಗಾಡಿ, 15 ವರ್ಷ ದಾಟಿ ಹಸಿರು ತೆರಿಗೆಯನ್ನೂ ಕಟ್ಟಿಸಿಕೊಂಡ ಗಾಡಿ, ಇನ್ನೇನು ಇಟ್ಟುಕೊಳ್ತೀಯ ಅಂತಾರೆ.

ಅದು ಅಪ್ಪ ಕೊಂಡದ್ದು. ಹರಿದ ಬನಿಯನ್ನಿನ ತುಂಡೊಂದು ಯಾವಾಗಲೂ ಸೀಟಿನ ಕೆಳಗೆ ಇರುತ್ತಿತ್ತು. ಊರಿಗೆ ಹೊರಡುವ ಮುಂಚೆ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು ನನಗೆ ತೋರಿಸುತ್ತಿದ್ದರು. "ಎರಡು ಗೀಟಿನ ನಡುವ ಅದ ನೋಡು. ಇನ್ನ ಗದಗ ಮುಟ್ಟಿದಂಗ." ಈಗ ಆ ಕಡ್ಡಿ ಎಳೆಯುವಾಗ ನನಗೆ ಅರಿವಿಲ್ಲದೆ ನಾನೂ ಬೆಳಕಿಗೇ ಹಿಡಿಯುತ್ತೇನೆ. ಇದನ್ನೆಲ್ಲ ಆಫೀಸಿನಲ್ಲಿ ಹೇಳಲಿಕ್ಕಾಗುತ್ತಾ?

ಹಾಗಾಗಿ ಪ್ರತಿ ಭಾನುವಾರ ಕಡ್ಡಿ ನೋಡುವುದು ನಡೆದಿದೆ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಯ ಎಚ್ಚರಿಕೆ ದೀಪ ಹತ್ತಲಿ, ಆಮೇಲೆ ನೋಡೋಣ ಅಂತ ಕಾಯುವಂತಿಲ್ಲ. ಅದು ಹತ್ತುವ ಹೊತ್ತಿಗೆ ಇಂಜಿನ್ ಹಾಳಾಗಲು ಶುರುವಾಗಿರುತ್ತದೆ. ಗಾಡಿ ತಣ್ಣಗಿರಬೇಕು, ಸಮತಟ್ಟು ಜಾಗದಲ್ಲಿರಬೇಕು. ನಮ್ಮ ಅಂಗಳ ಮಟ್ಟ ಇದೆಯಾ ಅಂತ ಕಾಕಾನನ್ನು ಕೇಳಿದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಮಟ್ಟಗೋಲು ಹಿಡಿದೇ ಇಳಿದು ಬಂದರು. ಅಂಗಳ ಮಟ್ಟ ಇಲ್ಲ, ಮಳೆನೀರು ಹೋಗಲಿ ಅಂತ ಗೇಟಿನ ಕಡೆ ಇಳಿಜಾರು ಕೊಟ್ಟಿದ್ದಾರಂತೆ. ಓಣಿಯೆಲ್ಲ ಅಳೆದು, ಕೊನೆಗೆ ಎದುರು ಮನೆಯ ಮುಂದೆ ಜಾಗ ಗುರುತು ಮಾಡಿಕೊಟ್ಟರು. ಭಾನುವಾರ ಬೆಳಿಗ್ಗೆ ನಾನು ಸ್ಟೇರಿಂಗ್ ಹಿಡಿದು, ಹೆಂಡತಿ ಹಿಂದಿನಿಂದ ತಳ್ಳಿ, ಸ್ಟಾರ್ಟ್ ಮಾಡದೆ ಗಾಡಿಯನ್ನು ಅಲ್ಲಿಗೆ ಒಯ್ಯುತ್ತೇವೆ. ಎದುರು ಮನೆಯ ವೈನಿ ಮೊದಮೊದಲು ಗಾಡಿ ಕೆಟ್ಟಿದೆ ಅಂದುಕೊಂಡು ಪಾಪ ಅಂತಿದ್ದರು. ಈಗ ಅವರು ಅವತ್ತಿನ ರಂಗೋಲಿಯನ್ನು ನಾವು ಹೋದ ಮೇಲೇ ಹಾಕುತ್ತಾರೆ.

ಸೀಲ್ ಹಾಕಿಸಲಿಕ್ಕೆ ಕ್ಲಚ್ ಸವೆಯುವವರೆಗೆ ಕಾಯಬೇಕು ಅಂತ ಕಾಕಾಗೂ ಹೇಳಿಬಿಟ್ಟೆ. ಅವರು ಎಲ್ಲ ಕೇಳಿಸಿಕೊಂಡರು, ಏನೂ ಅನ್ನಲಿಲ್ಲ. ಈಗ ನಾನು ಸಂಜೆ ಹುಬ್ಬಳ್ಳಿಯಿಂದ ಬಂದು ಗೇಟ್ ತೆಗೆಯುವುದಕ್ಕೂ ಮೇಲಿನ ಬಾಲ್ಕನಿಯಿಂದ ಪ್ರಶ್ನೆ ಬೀಳುವುದಕ್ಕೂ ಸರಿಹೋಗುತ್ತದೆ: "ಇವತ್ತ ಟ್ರಾಫಿಕ್ ಭಾಳ ಇತ್ತೇನ್ರಿ? ಕ್ಲಚ್ ಏನರ ಸವದದೋ?"