ಬಿದ್ದ ಧೂಪದ ಮರ ಮತ್ತು ನಮ್ಮ ಸ್ವಚ್ಛತೆ

ನಿನ್ನೆ ಊರಿನ ದೇವರ ಕಾನಿಗೆ, ಅಂದರೆ ದೇವರ ಹೆಸರಿನಲ್ಲಿ ಕಾಪಿಟ್ಟ ಕಾಡಿಗೆ, ಹೋದವನು ಮೈಯೆಲ್ಲ ಸಿಟ್ಟು ತುಂಬಿಕೊಂಡು ಮರಳಿದ್ದೇನೆ. ನಾಲ್ಕು ಮಳೆಗಾಲಗಳ ಹಿಂದೆ ಗಾಳಿಗೆ ಬುಡಸಮೇತ ಉರುಳಿದ್ದ ಧೂಪದ ಮರವನ್ನು ಕಾನು ಸ್ವಚ್ಛಗೊಳಿಸುವ ಹೆಸರಿನಲ್ಲಿ ತುಂಡರಿಸಿ ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ಏಕೆಂದು ಕೇಳಿದ್ದಕ್ಕೆ, "ಸುಮ್ನೆ ಹಾಳಾಗಿ ಹೋಗ್ತಿತ್ತಲ್ಲ ಮಾರಾಯ್ರೆ" ಎಂಬ ಉತ್ತರ ಬಂತು.

ಹಾಳಾಗುತ್ತಿತ್ತಂತೆ! ಪ್ರತಿ ಮಳೆಗಾಲ ಊರಿಗೆ ಬಂದಾಗಲೂ ಉಂಬಳಗಳಿಗೆ (ಕಾಡಿನ ಜಿಗಣೆಗಳಿಗೆ) ರಕ್ತದಾನ ಮಾಡುತ್ತ ಆ ದಿಮ್ಮಿಯ ಪಕ್ಕ ಕುಳಿತು ಬರುತ್ತಿದ್ದವನು ನಾನು. ಮೊದಲು ತೊಗಟೆಯಡಿಯಲ್ಲಿ ದುಂಬಿಯ ಹುಳುಗಳು ಸುರಂಗ ಕೊರೆದವು; ಆ ದಾರಿಯಲ್ಲೇ ನೀರೂ ಶಿಲೀಂಧ್ರವೂ ಒಳಹೊಕ್ಕವು; ಮರಕ್ಕೆ ಗಡಸುತನ ಕೊಡುವ, ಬೇರೆ ಜೀವಿಗಳಿಗೆ ಸುಲಭವಾಗಿ ಜೀರ್ಣವಾಗದ ಲಿಗ್ನಿನ್ನನ್ನು ಶಿಲೀಂಧ್ರ ಒಡೆಯತೊಡಗಿತು; ಗೆದ್ದಲು ತನ್ನ ಪಾಲಿಗೆ ಬಂತು. ಕಳೆದ ವರ್ಷ ಬೆರಳೊತ್ತಿದರೆ ಮರ ಸ್ಪಂಜಿನಂತೆ ಕುಸಿದು ನೀರು ಜಿನುಗಿಸುತ್ತಿತ್ತು. ಮೇಲಿನ ದಪ್ಪ ಪಾಚಿಯಲ್ಲಿ ಎರಡೇ ಎಲೆಯ ಸಸಿಯೊಂದು ಮಣ್ಣಿನ ಹಂಗಿಲ್ಲದೆ ನೇರವಾಗಿ ಆ ಕೊಳೆತ ಮರಕ್ಕೇ ಬೇರಿಳಿಸಿತ್ತು. ದಿಮ್ಮಿಯ ಅಡಿಯ ತಂಪಿನಲ್ಲಿ ಚೇಳು, ಸಹಸ್ರಪದಿ, ಒಂದು ಪುಟ್ಟ ಕಪ್ಪೆ.

ಮರ ಬಿದ್ದಲ್ಲಿ ಕಾನಿನ ಮಾಡಿಗೆ ಕಿಂಡಿ ಬಿದ್ದು ಬಿಸಿಲು ಕೆಳಗಿಳಿದಿತ್ತು. ವರ್ಷಗಟ್ಟಲೆ ನೆರಳಿನಲ್ಲಿ ಮೊಣಕಾಲೆತ್ತರಕ್ಕೇ ನಿಂತಿದ್ದ ಸಸಿಗಳು ಆಗಷ್ಟೇ ತಲೆಯೆತ್ತಿದ್ದವು. ಟ್ರ್ಯಾಕ್ಟರಿನ ಗಾಲಿ ಹರಿದದ್ದು ಅವುಗಳ ಮೇಲೆಯೇ. ಇನ್ನು ಅಲ್ಲಿ ಸಸಿ ನೆಡುವ ಕಾರ್ಯಕ್ರಮವೂ ಇದೆಯಂತೆ, ಫೋಟೋ ಸಮೇತ.

ಬಿದ್ದ ಮರ ಬೇಸಿಗೆಯ ಕಾಡುಬೆಂಕಿಗೆ ಸೌದೆಯಾಗುತ್ತದೆ ಎಂದು ಒಬ್ಬರು ವಾದಿಸಿದರು. ಒಣ ಎಲೆಯುದುರುವ ಕಾಡಿನ ಬಗ್ಗೆಯಾದರೆ ಆ ಮಾತನ್ನು ಕೇಳಿಸಿಕೊಳ್ಳಬಹುದಿತ್ತು. ಏಪ್ರಿಲ್‌ನಲ್ಲೂ ಒದ್ದೆಯಾಗಿರುವ ನಮ್ಮ ನಿತ್ಯಹರಿದ್ವರ್ಣದ ಕಾನಿನಲ್ಲಿ ಆ ದಿಮ್ಮಿಗೆ ಬೆಂಕಿ ಹಚ್ಚಲು ಸೀಮೆಎಣ್ಣೆ ಸುರಿಯಬೇಕಾದೀತು. ಒಲೆಗೆ ಸೌದೆ ಬೇಕೆನ್ನುವ ಮಾತು ಬೇರೆ. ಪುಳ್ಳೆ ಆರಿಸುವ ಹೆಂಗಸರು ಟ್ರ್ಯಾಕ್ಟರ್ ತರುವುದಿಲ್ಲ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನೂ ತೆಗೆಯಬಾರದೆಂದು 2000ದ ಫೆಬ್ರವರಿಯಲ್ಲೇ ಸುಪ್ರೀಂ ಕೋರ್ಟ್ ಆದೇಶಿಸಿತ್ತು. ನಮ್ಮ ಕಾನು ಅಭಯಾರಣ್ಯವಲ್ಲ, ದೇವರದ್ದು ಅಷ್ಟೇ. ಹಾಗಾಗಿ ಇಲ್ಲಿ ಕೇಳುವವರಿಲ್ಲ.

ಚಿಕ್ಕವನಿದ್ದಾಗ ಇದೇ ಕಾನಿನಲ್ಲಿ, ಮಳೆಗಾಲದ ರಾತ್ರಿ, ಅಪ್ಪ ಬ್ಯಾಟರಿ ಆರಿಸಿ ನಿಲ್ಲಿಸಿದ್ದರು. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ, ಕೊಳೆತ ಕೊಂಬೆಯೊಂದು ಅಲ್ಲಿನ ಶಿಲೀಂಧ್ರದಿಂದಾಗಿ ತೆಳು ಹಸಿರಾಗಿ ಹೊಳೆಯತೊಡಗಿತು. ಅದನ್ನು ಕಂಡವನಿಗೆ 'ಹಾಳು' ಎಂಬ ಶಬ್ದ ಬಾಯಿಗೆ ಬರಲು ಕಷ್ಟ.

ಹೀಗೆಲ್ಲ ನಿನ್ನೆ ಅಲ್ಲೇ ನಿಂತು ಭಾಷಣ ಬಿಗಿದೆ. ಎಲ್ಲವನ್ನೂ ತಾಳ್ಮೆಯಿಂದ ಕೇಳಿದ ಹಿರಿಯರೊಬ್ಬರು ಎಲೆಯಡಿಕೆ ಉಗಿದು, "ನಿಮ್ಮನೆ ಜಗಲಿಯ ಉಯ್ಯಾಲೆ ಮಣೆ ಯಾವ ಮರದ್ದು ತಮ್ಮಾ?" ಎಂದರು. ಅಜ್ಜನ ಕಾಲದಲ್ಲಿ ಇದೇ ಕಾನಿನಲ್ಲಿ ಗಾಳಿಗೆ ಬಿದ್ದ ಹೆಬ್ಬಲಸಿನದು. ಈ ಬರಹವನ್ನು ಅದರ ಮೇಲೆಯೇ ಕುಳಿತು ಟೈಪಿಸುತ್ತಿದ್ದೇನೆ.