ಸಾವ್ಕಾರ್ರು ಹೋಲ್ಡ್‌ನಲ್ಲಿದ್ದಾರೆ

ನಮ್ಮ ಅಂಗಡಿಯಲ್ಲಿ ಕಂಪ್ಯೂಟರ್ ಬಲ್ಲವನು ಅಂದರೆ ನಾನು. ಒಮ್ಮೆ ಸಾವ್ಕಾರ್ರ ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟಿದ್ದೆ, ಅಷ್ಟೇ ನನ್ನ ಪದವಿ. ಅವತ್ತಿನಿಂದ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನನ್ನನ್ನೇ ಕರೆಯುತ್ತಾರೆ, ಸಿಸಿ ಕ್ಯಾಮೆರಾಗೆ ಜೇಡ ಬಲೆ ಕಟ್ಟಿದರೂ ನನ್ನನ್ನೇ ಕರೆಯುತ್ತಾರೆ. ಸಂಬಳ ಮಾತ್ರ ಲೆಕ್ಕ ಬರೆಯುವವನದು.

ಅಂಗಡಿ ಇರುವುದು ದಾವಣಗೆರೆಯಲ್ಲಿ. ಬೋರ್‌ವೆಲ್ ಮೋಟಾರು, ಪೈಪು, ಕೇಬಲ್ಲು, ಸ್ಟಾರ್ಟರಿನ ವ್ಯಾಪಾರ. ಲೆಟರ್‌ಹೆಡ್ಡಿನ ಮೇಲೆ 08192, ಆಮೇಲೆ ನಂಬರು, ಆಮೇಲೆ ಕಂಸದೊಳಗೆ ‘2 ಲೈನ್ಸ್’ ಅಂತ ಅಚ್ಚಾಗಿದೆ. ಈಗಿನ ಹುಡುಗರಿಗೆ ಅದರ ಗತ್ತು ತಿಳಿಯಲಿಕ್ಕಿಲ್ಲ. ಒಂದು ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಎರಡು ಲೈನು ಇದ್ದವರೆಂದರೆ ಕೊಟ್ಟಿಗೆಯಲ್ಲಿ ಎರಡು ಜೋಡಿ ಎತ್ತು ಇದ್ದವರಿದ್ದಂಗೆ. ಬಿಲ್ಲು, ಕ್ಯಾಲೆಂಡರು, ಸ್ಟಾರ್ಟರ್ ಡಬ್ಬಿಯ ಒಳಗಿನ ಸ್ಟಿಕ್ಕರು, ಎಲ್ಲದರ ಮೇಲೂ ಅದೇ ನಂಬರು. ಹಾಗಾಗಿ ಮೋಟಾರು ಸುಟ್ಟ ರೈತರು ಇವತ್ತಿಗೂ ಅದಕ್ಕೇ ಹೊಡೆಯುತ್ತಾರೆ. ಬೇಸಿಗೆ ಬಂತೆಂದರೆ ಸುಡುವ ಮೋಟಾರಿಗೂ ಬರುವ ಫೋನಿಗೂ ಲೆಕ್ಕವಿಲ್ಲ.

ಆದರೆ ಹೊಸ ಫೋನಿನ ಡಬ್ಬಿ ಬಂದದ್ದು ರೈತರ ಸಲುವಾಗಿ ಅಲ್ಲ. ರಾಣೆಬೆನ್ನೂರಿನ ಬೀಗರು ಒಂದು ಮಧ್ಯಾಹ್ನ ಮೂರು ಸಲ ಫೋನ್ ಮಾಡಿದ್ದರು, ಮೂರು ಸಲವೂ ಯಾರೂ ಎತ್ತಲಿಲ್ಲ. ಗಿರಾಕಿ ಸಿಟ್ಟಾದರೆ ಇನ್ನೊಂದು ಅಂಗಡಿಗೆ ಹೋಗುತ್ತಾನೆ. ಬೀಗರು ಸಿಟ್ಟಾದರೆ ಎಲ್ಲಿಗೂ ಹೋಗುವುದಿಲ್ಲ, ಅದೇ ತೊಂದರೆ. ವಾರದೊಳಗೆ ಒಬ್ಬ ಹುಡುಗ ಬಂದು ಗೋಡೆಗೆ ಬಿಳಿ ಡಬ್ಬಿ ಹೊಡೆದು, ಐದು ಕಡೆ ವೈರ್ ಎಳೆದು, ಐದು ಫೋನು ಇಟ್ಟ. ಬಿಲ್ಲಿಂಗಿಗೆ 101, ಕೌಂಟರಿಗೆ 102, ಸ್ಟೋರಿಗೆ 103, ಸರ್ವೀಸಿಗೆ 104, ಹಿಂದಿನ ಗೋಡೌನಿಗೆ 105. “ಹಂಟ್ ಗ್ರೂಪ್ ನೀವೇ ಮಾಡ್ಕೊಳ್ರಿ ಸರ್, ಬುಕ್ಕಿನಾಗೆ ಐತೆ” ಅಂತ ಒಂದು ಪುಸ್ತಕ ಕೊಟ್ಟು ಗಾಡಿ ಹತ್ತಿದ.

ಸಾವ್ಕಾರ್ರು ಪುಸ್ತಕವನ್ನು ದೂರ ಹಿಡಿದು ನೋಡಿದರು. “ಹಂಟ್ ಅಂದ್ರೆ ಬೇಟೆ ಅಲ್ಲೇನೋ?”

“ಹೌದ್ರಿ. ಎಲ್ಲಾ ಫೋನಿಗೂ ಸೇರಿ ಒಂದು ನಂಬರು, 200 ಅಂತ. ಹೊರಗಿಂದ ಬಂದ ಫೋನು ಆ ಗುಂಪಿನಾಗೆ ಯಾರು ಖಾಲಿ ಅದಾರೆ ಅಂತ ಹುಡುಕ್ಕೊಂಡು ಹೋಗುತ್ತೆ.”

“ನಮ್ಮಲ್ಲಿ ಅದಕ್ಕೆ ಹುಡುಕೋ ತ್ರಾಸೇ ಇಲ್ಲ ಬಿಡು, ಎಲ್ರೂ ಖಾಲಿನೇ ಅದಾರೆ.”

ಬೇಟೆಗೆ ಮೂರು ಪದ್ಧತಿ ಇವೆಯೆಂದು ಪುಸ್ತಕ ಹೇಳಿತು. ಮೊದಲನೆಯದು ಸಾಲು ಪದ್ಧತಿ. ಪ್ರತಿ ಕರೆಯೂ ಮೊದಲು 101ಕ್ಕೇ ಹೋಗಬೇಕು, ಅಲ್ಲಿ ಎತ್ತದಿದ್ದರೆ 102, ಆಮೇಲೆ 103. ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೈದರಾಲಿಯ ಸೈನಿಕರು ಎಷ್ಟೇ ಇರಲಿ, ತೂರಬೇಕಾದ್ದು ಒಂದೇ ಸಂದಿ, ಒನಕೆ ಹಿಡಿದು ನಿಂತವಳು ಒಬ್ಬಳೇ. ನಮ್ಮ ಕಿಂಡಿಯಲ್ಲಿ ಕೂತವರು ಬಿಲ್ಲಿಂಗ್ ಅಕ್ಕ. ಒಂದು ಕೈಯಲ್ಲಿ ಜಿಎಸ್‌ಟಿ ಬಿಲ್ಲು, ಇನ್ನೊಂದು ಕೈಯಲ್ಲಿ ರಿಸೀವರು. ಮೂರನೇ ದಿನ ಅಕ್ಕ ಆ ರಿಸೀವರನ್ನು ಹಿಡಿದು ನನ್ನ ಕಡೆ ನೋಡಿದ ನೋಟಕ್ಕೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ನಾಲ್ಕನೇ ದಿನದಿಂದ ಅಕ್ಕ ಎತ್ತುವುದನ್ನೇ ಬಿಟ್ಟರು. ಬಿಟ್ಟರೆ ಬಿಡಲಿ, ಮುಂದಿನ ಫೋನಿಗೆ ಹೋಗುತ್ತದಲ್ಲ ಅಂದುಕೊಂಡೆ. ಆದರೆ ಗೋಡೌನಿನ ಫೋನು ಇಡೀ ವಾರ ಒಂದು ಸಲವೂ ಬಾರಿಸಲಿಲ್ಲ. “ನಂದು ಕೆಟ್ಟೈತಿರಬೇಕು” ಅಂತ ಗೋಡೌನ್ ಮಾಮ ತುಂಬ ಸಂತೋಷದಿಂದ ದೂರು ಕೊಟ್ಟರು. ವೈರು ಜಗ್ಗಿ, ಫೋನು ಬದಲಿಸಿ, ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗುಟ್ಟು ಸಿಕ್ಕಿತು. ಒಂದೊಂದು ಫೋನು 20 ಸೆಕೆಂಡ್ ಬಾರಿಸಲಿ ಅಂತ ನಾನು ಇಟ್ಟಿದ್ದೆ, ಅಂದರೆ ಆರೇಳು ಟ್ರಿಣ್ ಟ್ರಿಣ್. ಐದು ಫೋನಿಗೆ 100 ಸೆಕೆಂಡ್ ಆಯಿತು. ಆದರೆ ಲ್ಯಾಂಡ್‌ಲೈನಿಗೆ ಬಂದ ಕರೆಯನ್ನು ಯಾರೂ ಎತ್ತದಿದ್ದರೆ 60 ಸೆಕೆಂಡಿಗೇ ಕಡಿದು ಹಾಕಬೇಕೆಂದು ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಟ್ರಾಯ್ 2019ರಲ್ಲೇ ನಿಯಮ ಮಾಡಿದೆ, ಮೊಬೈಲಿಗಾದರೆ 30. ಹಾಗಾಗಿ 101, 102, 103 ದಾಟುವಷ್ಟರಲ್ಲಿ ಕರೆಯ ಆಯುಷ್ಯ ತೀರುತ್ತಿತ್ತು. ಸರ್ವೀಸಿನವರೂ ಗೋಡೌನ್ ಮಾಮನೂ ಸರ್ಕಾರಿ ನಿಯಮದ ನೆರಳಿನಲ್ಲಿ ತಣ್ಣಗಿದ್ದರು.

ಸರಿ, 20 ಇದ್ದದ್ದನ್ನು 10 ಮಾಡಿದೆ. ಜೊತೆಗೆ ಪದ್ಧತಿಯನ್ನೂ ಬದಲಿಸಿ ಸುತ್ತು ಪಾಳಿಗೆ ಹಾಕಿದೆ. ಇದರಲ್ಲಿ ಹೋದ ಕರೆ 101ರಲ್ಲಿ ಎತ್ತಿದ್ದರೆ ಈ ಸಲದ್ದು 102ರಿಂದ ಶುರು. ಎಲ್ಲರಿಗೂ ಸಮಪಾಲು. ಅಕ್ಕನಿಗೆ ಖುಷಿಯಾಯಿತು. ಗೋಡೌನ್ ಮಾಮನ ಪಾಳಿ ಬಂದಾಗ ನಾನು ಪಕ್ಕದಲ್ಲೇ ನಿಂತಿದ್ದೆ.

“ಹಲೋ. ಏನು?... ಐತೆ.” ಇಟ್ಟರು.

“ಮಾಮ, ಏನು ಕೇಳಿದ್ರು?”

“ಐದು ಎಚ್‌ಪಿ ಮೋಟ್ರು ಐತಾ ಅಂತ ಕೇಳ್ದ. ಐತೆ ಅಂದೆ.”

“ರೇಟ್ ಕೇಳ್ಲಿಲ್ವಾ?”

“ಕೇಳ್ತಿದ್ದ. ನಾನು ಇಟ್ಬಿಟ್ಟೆ.”

ಊಟದ ಹೊತ್ತಿನದು ಇನ್ನೊಂದು ಕಥೆ. ಫೋನನ್ನು ಬೇರೆಯವರಿಗೆ ದಾಟಿಸುವ ಕೋಡನ್ನು ನಾನೇ ಎಲ್ಲರಿಗೂ ಬರೆದು ಅಂಟಿಸಿದ್ದೆ, ಬುದ್ಧಿವಂತ. ಅಕ್ಕ ಊಟಕ್ಕೆ ಹೋಗುವಾಗ ತಮ್ಮದನ್ನು ಸ್ಟೋರಿಗೆ ದಾಟಿಸಿದರು. ಸ್ಟೋರಿನ ಹುಡುಗ ಆಗಲೇ ತನ್ನದನ್ನು ಅಕ್ಕನಿಗೆ ದಾಟಿಸಿ ಡಬ್ಬಿ ಬಿಚ್ಚಿದ್ದ. ಎರಡು ಫೋನೂ ಒಂದನ್ನೊಂದು ತೋರಿಸುತ್ತಾ, ತೆರೆಯ ಮುಂದೆ ಹೆಸರು ಹೇಳಲು ನಾಚುವ ಮದುಮಕ್ಕಳ ಹಾಗೆ, ಸುಮ್ಮನೆ ಕೂತಿದ್ದವು.

ಉಳಿದದ್ದು ಮೂರನೆಯ ಪದ್ಧತಿ, ಎಲ್ಲಾ ಐದೂ ಒಟ್ಟಿಗೆ ಬಾರಿಸುವುದು. ಮೊದಲ ಸಲ ಬಾರಿಸಿದಾಗ ಕೌಂಟರಿನಲ್ಲಿ ಸ್ಟಾರ್ಟರ್ ನೋಡುತ್ತಿದ್ದ ಗಿರಾಕಿ ಅದನ್ನು ಕೆಳಗೇ ಬಿಟ್ಟ. ಐದು ಗಂಟೆ ಒಟ್ಟಿಗೆ ಹೊಡೆದರೆ ಐದು ಜನ ಓಡಿ ಬರುತ್ತಾರೆ ಅನ್ನುವುದು ನನ್ನ ನಂಬಿಕೆಯಾಗಿತ್ತು. ಆದರೆ ಅಕ್ಕ ಕೌಂಟರಿನವರು ಎತ್ತುತ್ತಾರೆ ಅಂದುಕೊಂಡರು, ಕೌಂಟರಿನವರು ಸ್ಟೋರಿನವನು ಅಂದುಕೊಂಡರು, ಸ್ಟೋರಿನವನು ಏನೂ ಅಂದುಕೊಳ್ಳಲಿಲ್ಲ. ಅದರಲ್ಲೂ ಸಾಯಂಕಾಲ ಐದಕ್ಕೆ, ದಾವಣಗೆರೆಯಲ್ಲಿ ಯಾವ ಅಂಗಡಿಯಲ್ಲೂ ಕೆಲಸ ಹೇಳಬಾರದ ಹೊತ್ತು. ಟೇಬಲ್ಲಿನ ಮೇಲೆ ಹಳೇ ಪೇಪರು, ಪೇಪರಿನ ಮೇಲೆ ಗುಡ್ಡೆ ಮಂಡಕ್ಕಿ, ಪಕ್ಕದಲ್ಲಿ ಬಾಣಲೆಯಿಂದ ಈಗಷ್ಟೇ ಎತ್ತಿದ ಮಿರ್ಚಿ. ಮಿರ್ಚಿಯನ್ನು ಅದುಮಿದರೆ ಪೇಪರಿನ ಮೇಲೆ ಎಣ್ಣೆ ಉಂಗುರ ಹರಡಿ ಹೆಡ್ಡಿಂಗು ಆಚೆಯಿಂದ ಕಾಣುತ್ತದೆ. ಐದು ಫೋನೂ ಹೊಡೆದುಕೊಳ್ಳುತ್ತಿವೆ, ಹತ್ತು ಕೈಯೂ ಮೇಲಕ್ಕೆ ಎದ್ದಿವೆ, “ಕೈ ಎಣ್ಣೆ ಆಗೈತ್ರಿ” ಅಂತ. ಅದರಲ್ಲಿ ಎರಡು ಕೈ ನನ್ನವು, ಸುಳ್ಳು ಯಾಕೆ ಹೇಳಲಿ.

ಆ ಹೊತ್ತಿನಲ್ಲೇ ಅಕ್ಕನಿಗೆ ಸ್ಟ್ರೌಜರನ ಕಥೆ ಹೇಳಿದ್ದು. ಆಲ್ಮನ್ ಸ್ಟ್ರೌಜರ್ ಅಮೆರಿಕದ ಕಾನ್ಸಾಸ್ ಸಿಟಿಯವನು, ಹೆಣಗಳ ಸಂಸ್ಕಾರಕ್ಕೆ ಏರ್ಪಾಡು ಮಾಡಿಕೊಡುವುದು ಅವನ ವ್ಯಾಪಾರ. ಅದೇ ವ್ಯಾಪಾರದ ಇನ್ನೊಬ್ಬನ ಹೆಂಡತಿ ಎಕ್ಸ್‌ಚೇಂಜಿನಲ್ಲಿ ಆಪರೇಟರಂತೆ, ಸಾವಿನ ಮನೆಯಿಂದ ಬಂದ ಕರೆಗಳನ್ನೆಲ್ಲ ಗಂಡನಿಗೇ ಜೋಡಿಸುತ್ತಿದ್ದಳಂತೆ. ಸ್ಟ್ರೌಜರ್ ರೋಸಿಹೋಗಿ ಆಪರೇಟರೇ ಬೇಡದ ಯಂತ್ರ ಕಟ್ಟಿ 1891ರಲ್ಲಿ ಪೇಟೆಂಟ್ ತೆಗೆದುಕೊಂಡ. ಆ ಜಾತಿಯ ಯಂತ್ರದಲ್ಲಿ ಲೋಹದ ಕಡ್ಡಿಯೊಂದು ಟಕಟಕ ಮೇಲೇರಿ, ಆಮೇಲೆ ಅಡ್ಡ ತಿರುಗಿ, ಖಾಲಿ ಲೈನು ಸಿಗುವವರೆಗೂ ಒಂದೊಂದನ್ನೇ ಮುಟ್ಟಿ ನೋಡುತ್ತಿತ್ತು. ಅದಕ್ಕೇ ಹಂಟಿಂಗ್ ಅಂತಿದ್ದರು.

ಅಕ್ಕ ಮಿರ್ಚಿಯ ತೊಟ್ಟು ಕಿತ್ತು ಪಕ್ಕಕ್ಕಿಟ್ಟರು. “ಆಯಮ್ಮ ಗಂಡನ ಸಲುವಾಗಿ ಆದ್ರೂ ಫೋನ್ ಎತ್ತಿದ್ಲಲ್ಲ.”

ಕೊನೆಗೆ ನಾನು ಮತ್ತೆ ಸಾಲು ಪದ್ಧತಿಗೇ ಬಂದೆ. ಐದು ಫೋನು, ತಲಾ 10 ಸೆಕೆಂಡ್, ಯಾರೂ ಎತ್ತದಿದ್ದರೆ ಕರೆ ನನ್ನ ಮೊಬೈಲಿಗೆ. ಇದರಲ್ಲೊಂದು ಸೂಕ್ಷ್ಮ ಇದೆ, ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಕರೆ ಒಂದು ಲೈನಿನಲ್ಲಿ ಒಳಗೆ ಬಂದು ಇನ್ನೊಂದು ಲೈನಿನಲ್ಲಿ ಹೊರಗೆ ಹೋಗುತ್ತದೆ. ನಮ್ಮ ‘2 ಲೈನ್ಸ್’ ಎರಡೂ ಒಬ್ಬನಿಗೇ ಮುಗಿದವು, ಎರಡನೆಯವನಿಗೆ ಎಂಗೇಜ್. ಇನ್ನೊಂದು, ನಮ್ಮಂಥ ಹಳೆಯ ಲೈನಿನಲ್ಲಿ ಹೊರಗೆ ಹೋದ ಕರೆಯನ್ನು ಆ ಕಡೆ ಎತ್ತಿದರೋ ಇಲ್ಲವೋ ಡಬ್ಬಿಗೆ ಗೊತ್ತಾಗುವುದಿಲ್ಲ. ನಂಬರು ಒತ್ತಿದ್ದೇ ತನ್ನ ಕೆಲಸ ಮುಗಿಯಿತು ಅಂದುಕೊಳ್ಳುತ್ತದೆ. ಒಂದು ಭಾನುವಾರ ನನ್ನ ಮೊಬೈಲು ಚಾರ್ಜಿಲ್ಲದೆ ಆಫ್ ಆಗಿತ್ತು. ಸ್ವಿಚ್ ಆಫ್ ಆಗಿದೆ ಅಂತ ಮೂರು ಭಾಷೆಯಲ್ಲಿ ಕೇಳಿದ ರೈತರು ಅಂಗಡಿಯೇ ಮುಚ್ಚಿತೆಂದು ಸುದ್ದಿ ಹಬ್ಬಿಸಿದರು.

ಸಾವ್ಕಾರ್ರಿಗೆ ಸುದ್ದಿ ಮುಟ್ಟಿತು. “ನಿಂದು ತೆಗಿ, ನನ್ನ ನಂಬರ್ ಹಾಕು. ಯಾರ್ ಎತ್ತಲ್ಲ ನಾನೂ ನೋಡ್ತೀನಿ.” ಹಾಕಿದೆ.

ಎರಡು ದಿನ ಬಿಟ್ಟು ಅವರು ಹರಿಹರಕ್ಕೆ ಒಂದು ಮದುವೆಗೆ ಹೋಗಿದ್ದರು. ಆರತಕ್ಷತೆಯ ಸಾಲಿನಲ್ಲಿ ನಿಂತು, ಹೊಸ ವ್ಯವಸ್ಥೆ ಪರೀಕ್ಷೆ ಮಾಡೋಣ ಅಂತ ಮೊಬೈಲಿನಿಂದ ಅಂಗಡಿಗೆ ಹೊಡೆದರು. ಹೊತ್ತು ಸಾಯಂಕಾಲ ಐದು. ಮುಂದಿನದನ್ನು ಓದುವವರೇ ಊಹಿಸಬಹುದು. 101 ಬಾರಿಸಿತು, 102 ಬಾರಿಸಿತು, ಐದೂ ಬಾರಿಸಿದವು. ಆಮೇಲೆ ಡಬ್ಬಿ ತನಗೆ ಹೇಳಿದಂತೆ ಸಾವ್ಕಾರ್ರ ಮೊಬೈಲಿಗೆ ಹೊಡೆಯಿತು. ಅವರು ಕಿವಿಯಲ್ಲಿ ಟುಕ್ ಟುಕ್ ಕೇಳಿ ನೋಡುತ್ತಾರೆ, ‘ಅಂಗಡಿ’ ಅಂತ ಬರುತ್ತಿದೆ. ಪರವಾಗಿಲ್ಲ, ಇವರೇ ತಿರುಗಿ ಮಾಡುತ್ತಿದ್ದಾರೆ ಅಂದುಕೊಂಡು ಅದನ್ನು ಎತ್ತಿದರು. ಎತ್ತಿದ ಕೂಡಲೇ ಅವರ ಮೊದಲ ಕರೆ ಹೋಲ್ಡಿಗೆ ಹೋಯಿತು. ಎರಡನೆಯದರಲ್ಲಿ ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ ಹೇಳಿದಳು, ನಿಮ್ಮ ಕರೆಯನ್ನು ಹೋಲ್ಡ್‌ನಲ್ಲಿ ಇರಿಸಲಾಗಿದೆ.

“ಏಯ್, ನಾನು ಯಾರು ಗೊತ್ತೇನೋ! ನನ್ನನ್ನೇ ಹೋಲ್ಡಿಗೆ ಹಾಕ್ತೀರಾ?” ಆರತಕ್ಷತೆಯ ಸಾಲು ತಿರುಗಿ ನೋಡಿತಂತೆ. ಹೆಂಗಸು ಅದನ್ನೇ ಇನ್ನೊಮ್ಮೆ ಹೇಳಿದಳು. ಸಿಟ್ಟಿನಲ್ಲಿ ಪರದೆಯ ಮೇಲೆ ಎಲ್ಲೆಲ್ಲೋ ಒತ್ತಿ ಎರಡೂ ಕರೆಗಳನ್ನು ಒಂದು ಮಾಡಿಬಿಟ್ಟರು. ಈಗ ಅವರು ಬೈದದ್ದೆಲ್ಲ ಚೂರು ತಡವಾಗಿ ಅವರದೇ ದನಿಯಲ್ಲಿ ವಾಪಸ್ ಬರತೊಡಗಿತು. ಕದ್ದು ಅಣಕಿಸುತ್ತಿರುವವನು ನಾನೇ ಅಂತ ಅವರಿಗೆ ಖಾತ್ರಿಯಾಯಿತು. ಅಷ್ಟು ಹೊತ್ತೂ ಅಂಗಡಿಯ ಎರಡು ಲೈನೂ ಎಂಗೇಜ್. ರಾಣೆಬೆನ್ನೂರಿನ ಬೀಗರು ಆಗಲೂ ಪ್ರಯತ್ನ ಮಾಡಿದ್ದರಂತೆ.

ಮರುದಿನ ಬೆಳಿಗ್ಗೆ ವಿಚಾರಣೆ. ಎಲ್ಲರೂ ಡಬ್ಬಿಯ ಕೆಳಗೆ ಸಾಲಾಗಿ ನಿಂತಿದ್ದೆವು. ಸಾವ್ಕಾರ್ರು ಬೈಯುತ್ತಿದ್ದರು, ನಾನು 101 ಯಾಕೆ, 200 ಯಾಕೆ ಅಂತ ವಿವರಿಸುತ್ತಿದ್ದೆ. ಆನಗೋಡು ಕಡೆಯ ಒಬ್ಬ ಅಜ್ಜ ಟವೆಲ್ಲಿನಲ್ಲಿ ಸುಟ್ಟ ಕೇಬಲ್ ತುಂಡು ಸುತ್ತಿಕೊಂಡು ಒಳಗೆ ಬಂದ. “ಎರಡು ದಿನದಿಂದ ಹೊಡೀತಿದೀನಿ, ಎತ್ತಲೊಲ್ರಿ. ಅದಕ್ಕೆ ಬಸ್ ಹತ್ತಿ ಬಂದ್ಬಿಟ್ಟೆ” ಅಂದು ಕೌಂಟರಿಗೆ ಒರಗಿದ.

ಅಷ್ಟರಲ್ಲಿ ಫೋನ್ ಬಂತು. 101 ಮೂರು ಸಲ ಟ್ರಿಣ್ ಅಂದು ಸುಮ್ಮನಾಯಿತು. ಸಾವ್ಕಾರ್ರು ನನ್ನನ್ನು ನೋಡಿದರು, ನಾನು ಅಕ್ಕನನ್ನು ನೋಡಿದೆ, ಅಕ್ಕ ಮಾಮನನ್ನು ನೋಡಿದರು. ಅಜ್ಜನ ಮೊಣಕೈ ಪಕ್ಕದಲ್ಲಿ 102 ಶುರುವಾಯಿತು. ಅಜ್ಜ ಅತ್ತ ಇತ್ತ ನೋಡಿ, ಟವೆಲ್ಲಿನಲ್ಲಿ ಕೈ ಒರೆಸಿಕೊಂಡು ಎತ್ತಿದ.

“ಹಲೋ... ಹೂಂ, ಅಂಗಡಿನೇ... ತೆಗೆದೈತೆ, ಎಲ್ರೂ ಇಲ್ಲೇ ನಿಂತಾರೆ.” ಆಮೇಲೆ ರಿಸೀವರಿನ ಬಾಯಿಗೆ ಅಂಗೈ ಮುಚ್ಚಿ ಸಾವ್ಕಾರ್ರ ಕಡೆ ತಿರುಗಿದ.

“ರಾಣೆಬೆನ್ನೂರಿನವರಂತೆ. ಸಾವ್ಕಾರ್ರು ಅದಾರಾ ಅಂತ ಕೇಳ್ತಾರೆ. ಏನಂತ ಹೇಳ್ಲಿ?”