ಸುಣ್ಣದ ಊರಿಗೆ ನೀಲಿ ನಾಮ

ನಮ್ಮ ಕಡೆ ಗೋಡೆಗೆ ಸುಣ್ಣ ಹೊಡೆಯುವಾಗ ಬಕೆಟ್ಟಿಗೆ ಒಂದು ಚಿಟಿಕೆ ನೀಲಿ ಹಾಕುವುದು ವಾಡಿಕೆ. ಬಿಳಿ ಇನ್ನಷ್ಟು ಬೆಳ್ಳಗೆ ಕಾಣಲಿ ಅಂತ. ಸ್ಪೇನ್ ದೇಶದ ಹುಸ್ಕರ್ ಎಂಬ ಊರಿನಲ್ಲಿ 2011ರಲ್ಲಿ ಈ ಅಳತೆ ಸ್ವಲ್ಪ ಜಾಸ್ತಿಯಾಯಿತು. ನೀಲಿ ಸಾವಿರಾರು ಲೀಟರ್. ಸುಣ್ಣ ಸೊನ್ನೆ.

ಹುಸ್ಕರ್ ಇರುವುದು ದಕ್ಷಿಣದ ಆಂಡಲೂಸಿಯಾದಲ್ಲಿ, ಮಾಲಗ ಪ್ರಾಂತ್ಯದ ರೋಂಡಾ ಬೆಟ್ಟಗಳ ಸಂದಿಯಲ್ಲಿ. ಕೆಳಗೆ ಹೆನಾಲ್ ನದಿಯ ಕಣಿವೆ, ಸುತ್ತ ಚೆಸ್ಟ್‌ನಟ್ ತೋಪುಗಳು. ಜನಸಂಖ್ಯೆ ಇನ್ನೂರು ಚಿಲ್ಲರೆ. ಆ ಭಾಗದ ಊರುಗಳಿಗೆಲ್ಲ ಸೇರಿ 'ಪುಯೆಬ್ಲೋಸ್ ಬ್ಲಾಂಕೋಸ್' ಅನ್ನುತ್ತಾರೆ. ಅಂದರೆ ಬಿಳಿ ಊರುಗಳು. ದೂರದಿಂದ ನೋಡಿದರೆ ಬೆಟ್ಟದ ಮೇಲೆ ಯಾರೋ ಮೊಸರನ್ನ ಚೆಲ್ಲಿದ ಹಾಗೆ. ಎಲ್ಲ ಊರೂ ಒಂದೇ ಥರ ಇರುವುದರಿಂದ ಪ್ರವಾಸಿಗರು ನಾಲ್ಕಾರು ಊರು ನೋಡಿ ಫೋಟೊ ತೆಗೆದು ಹೊರಟುಬಿಡುತ್ತಿದ್ದರು. ಹುಸ್ಕರ್ ಆ ನಾಲ್ಕಾರರಲ್ಲಿ ಇರಲಿಲ್ಲ.

ಅಷ್ಟರಲ್ಲಿ ಸೋನಿ ಕಂಪನಿಯವರ 'ಸ್ಮರ್ಫ್ಸ್' ಸಿನಿಮಾ ಬಂತು. ಸ್ಮರ್ಫ್ ಅಂದರೆ ಬೆಲ್ಜಿಯಂನ ಚಿತ್ರಕಾರ ಪೇಯೋ 1958ರಲ್ಲಿ ಬರೆದ, ಮೂರು ಸೇಬಿನಷ್ಟು ಎತ್ತರದ, ಬಿಳಿ ಟೋಪಿಯ ನೀಲಿ ಕುಳ್ಳರು. ಸ್ಪ್ಯಾನಿಷ್‌ನಲ್ಲಿ ಇವರ ಹೆಸರು ಪಿತುಫೊ. ಇವರು ಇರುವುದು ಅಣಬೆ ಮನೆಗಳಲ್ಲಿ. ಹುಸ್ಕರ್ ಸುತ್ತಲಿನ ಕಾಡು ಅಣಬೆಗೆ ಹೆಸರುವಾಸಿ. ಜಾತಕ ಕೂಡಿಬಂತು. ಸಿನಿಮಾ ಪ್ರಚಾರಕ್ಕೆ ಇಡೀ ಊರಿಗೆ ನೀಲಿ ಹೊಡೆಯುತ್ತೇವೆ, ಆಮೇಲೆ ನಾವೇ ವಾಪಸ್ ಬಿಳಿ ಮಾಡಿಕೊಡುತ್ತೇವೆ ಅಂತ ಮಾತಾಯಿತು. ಮದುವೆಗೆ ಬಾಡಿಗೆ ಶಾಮಿಯಾನ ಹಾಕಿ ಬಿಚ್ಚಿಕೊಂಡು ಹೋಗುವ ಹಾಗೆ.

ಮನೆಗಳಿಗೆ ನೀಲಿ. ಪಂಚಾಯಿತಿ ಕಚೇರಿಗೆ ನೀಲಿ. ಸಾಂತಾ ಕತಲೀನಾ ಚರ್ಚಿಗೆ ನೀಲಿ. ಕಡೆಗೆ ಸ್ಮಶಾನಕ್ಕೂ ನೀಲಿ.

ಸ್ಮಶಾನದ ಮಾತು ಬಂದಾಗ ಒಂದು ವಿಷಯ ಹೇಳಬೇಕು. ಆಂಡಲೂಸಿಯಾದ ಹಳ್ಳಿಗಳಲ್ಲಿ ಹೆಣವನ್ನು ಹೆಚ್ಚಾಗಿ ನೆಲದಲ್ಲಿ ಹೂಳುವುದಿಲ್ಲ. ಗೋಡೆಯಲ್ಲಿ ಗೂಡು ಮಾಡಿ, ಒಂದರ ಮೇಲೊಂದು ಇಟ್ಟು, ಬಾಯಿ ಮುಚ್ಚುತ್ತಾರೆ. ನವೆಂಬರ್ 1 ಸತ್ತವರ ನೆನಪಿನ ಹಬ್ಬ. ಅದಕ್ಕೆ ಮುಂಚೆ ಮನೆಯ ಹೆಂಗಸರು ಬಕೆಟ್ಟು, ಬ್ರಷ್ ಹಿಡಿದು ಹೋಗಿ ತಮ್ಮವರ ಗೂಡಿನ ಸುತ್ತ ಸುಣ್ಣ ಬಳಿಯುತ್ತಾರೆ. ಅತ್ತೆಯ ಗೂಡಿಗೆ ಸೊಸೆ, ಗಂಡನ ಗೂಡಿಗೆ ಹೆಂಡತಿ. ಪಕ್ಕದವರ ಗೂಡು ತಮ್ಮದಕ್ಕಿಂತ ಬೆಳ್ಳಗೆ ಕಂಡರೆ ಇನ್ನೊಂದು ಕೈ ಹೊಡೆಯುವುದೂ ಉಂಟಂತೆ. ಬದುಕಿದ್ದಾಗ ಅಕ್ಕಪಕ್ಕದ ಮನೆ, ಸತ್ತ ಮೇಲೂ ಅದೇ ಪೈಪೋಟಿ. ಇಂಥ ಕಡೆ ಸಿನಿಮಾ ಜಾಹೀರಾತಿನ ಬಣ್ಣ ಬಂದು ಕೂತಿತು. ಒಳಗಿದ್ದವರಲ್ಲಿ ಯಾರಾದರೂ ಆ ಸಿನಿಮಾ ನೋಡುವ ಸಾಧ್ಯತೆ ಇತ್ತೇ ಅಂತ ಮಾರ್ಕೆಟಿಂಗ್‌ನವರು ಯೋಚಿಸಿರಲಿಕ್ಕಿಲ್ಲ.

ಸುಣ್ಣ ಅಂದರೆ ಸುಮ್ನೆ ಬಣ್ಣ ಅಲ್ಲ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ದಿನಗಟ್ಟಲೆ ಸುಡಬೇಕು. ಸುಟ್ಟ ಕಲ್ಲಿಗೆ ನೀರು ಬಿದ್ದರೆ ಅದು ಬುಸುಗುಟ್ಟುತ್ತದೆ, ಒಲೆಯಿಲ್ಲದೆ ಕೊತಕೊತ ಕುದಿಯುತ್ತದೆ. ಆಮೇಲೆ ತಣ್ಣಗಾಗಿ ಗಟ್ಟಿ ಮೊಸರಿನ ಹಾಗೆ ತಳಕ್ಕೆ ಕೂರುತ್ತದೆ. ಅದನ್ನು ತೆಳ್ಳಗೆ ಮಾಡಿ ವರ್ಷಕ್ಕೊಮ್ಮೆಯಾದರೂ ಬಳಿಯುತ್ತಾರೆ. ಅಜ್ಜಿ ಬಳಿದದ್ದರ ಮೇಲೆ ಅಮ್ಮ, ಅಮ್ಮ ಬಳಿದದ್ದರ ಮೇಲೆ ಮಗಳು. ಹೀಗೆ ಪದರದ ಮೇಲೆ ಪದರ ಕೂತು ಕೂತು ಹಳೆ ಮನೆಗಳ ಮೂಲೆಗಳು ಚೂಪು ಕಳೆದುಕೊಂಡು ಸೋಪಿನ ಬಿಲ್ಲೆಯ ಹಾಗೆ ದುಂಡಗಾಗಿವೆ. ಬೇಸಿಗೆಯ ಬಿಸಿಲನ್ನು ಬಿಳಿ ಗೋಡೆ ವಾಪಸ್ ಕಳಿಸುತ್ತದೆ. ಸುಣ್ಣದ ಖಾರಕ್ಕೆ ರೋಗದ ಹುಳುವೂ ಸಾಯುತ್ತದೆ.

ಈ ಬಿಳಿ ಅನಾದಿ ಕಾಲದಿಂದ ಇದೆ ಅಂತ ಪ್ರವಾಸಿ ಗೈಡುಗಳು ಹೇಳುತ್ತಾರೆ. ಪೂರ್ತಿ ನಂಬಬೇಡಿ. ಎಷ್ಟೋ ಗೋಡೆಗಳು ಮೊದಲು ಮಣ್ಣಿನ ಬಣ್ಣದಲ್ಲೇ ಇದ್ದವು. 18, 19ನೇ ಶತಮಾನದಲ್ಲಿ ಹಳದಿ ಜ್ವರ, ಕಾಲರಾ ಬಂದಾಗ ಸುಣ್ಣ ಬಳಿಯುವುದು ಜೋರಾಯಿತು. 1960ರ ದಶಕದಲ್ಲಿ ಸರ್ವಾಧಿಕಾರಿ ಫ್ರಾಂಕೋ ಸರ್ಕಾರಕ್ಕೆ ವಿದೇಶಿ ಪ್ರವಾಸಿಗರು ಬೇಕಾದರು. 'ಸ್ಪೇನ್ ಬೇರೆಯೇ ಥರ' ಎಂಬ ಘೋಷಣೆ ಮೆರೆದದ್ದು ಆಗ. ಊರು ಚೆಂದ ಮಾಡುವ ಸ್ಪರ್ಧೆಗಳೂ ನಡೆದವು. ಗೋಡೆಯೆಲ್ಲ ಬಿಳಿ, ಕಿಟಕಿಗೆ ಜೆರೇನಿಯಂ ಕುಂಡ. ರೋಗಕ್ಕೆ ಹೆದರಿ ಬಳಿದದ್ದು ಪೋಸ್ಟ್‌ಕಾರ್ಡಿಗೆ ಬಂದು ಸಂಸ್ಕೃತಿಯಾಯಿತು. ಈಗ ಬಹಳ ಕಡೆ ಅದೂ ಸುಣ್ಣ ಅಲ್ಲ, ಡಬ್ಬದ ಪ್ಲಾಸ್ಟಿಕ್ ಪೇಂಟು. ಇನ್ನೊಂದು ತಮಾಷೆ ಕೇಳಿ. ಸೆವಿಲ್ ಪ್ರಾಂತ್ಯದ ಮೊರೋನ್ ದೆ ಲಾ ಫ್ರೊಂತೆರಾ ಎಂಬ ಊರಿನಲ್ಲಿ ಹಳೆ ಪದ್ಧತಿಯ ಸುಣ್ಣದ ಕಸುಬನ್ನು ಉಳಿಸುವ ಕೆಲಸ ನಡೆದಿದೆ. ಯುನೆಸ್ಕೊ ಅದಕ್ಕೆ ಮಾನ್ಯತೆ ಕೊಟ್ಟದ್ದು ಯಾವ ವರ್ಷ ಗೊತ್ತಾ? 2011. ಒಂದು ಊರಿನ ಸುಣ್ಣಕ್ಕೆ ಸನ್ಮಾನ ಸಿಕ್ಕ ವರ್ಷವೇ ಇನ್ನೊಂದು ಊರಿನ ಸುಣ್ಣಕ್ಕೆ ತಿಥಿ.

ಹುಸ್ಕರ್‌ಗೆ ತೋರಿಸಲು ಬೇರೆ ಏನೂ ಇರಲಿಲ್ಲ ಅಂದುಕೊಳ್ಳಬೇಡಿ. ಕಬ್ಬಿಣದ ತಗಡಿಗೆ ಕಲಾಯಿ ಹಾಕುವ ಸ್ಪೇನ್‌ನ ಮೊದಲ ಕಾರ್ಖಾನೆ ಬಂದದ್ದು ಇದೇ ಕಣಿವೆಯಲ್ಲಿ, 18ನೇ ಶತಮಾನದಲ್ಲಿ, ರಾಜ ಐದನೇ ಫಿಲಿಪ್ ಕಾಲಕ್ಕೆ. ಆಗ ಕಲಾಯಿ ವಿದ್ಯೆ ಜರ್ಮನರ ಗುಟ್ಟು. ಅಲ್ಲಿನ ಕುಶಲಕರ್ಮಿಗಳನ್ನು ಪೀಪಾಯಿಯಲ್ಲಿ ಬಚ್ಚಿಟ್ಟು ಕರೆತಂದರು ಅಂತ ಊರಲ್ಲಿ ಕತೆಯಿದೆ. ಇಷ್ಟು ಚೆಂದದ ಕಳ್ಳಸಾಗಣೆಯ ಕತೆ ಇಟ್ಟುಕೊಂಡರೂ ಒಂದು ಬಸ್ಸು ಜನ ಬರಲಿಲ್ಲ. ಮೂರು ಸೇಬಿನೆತ್ತರದ ಕುಳ್ಳರು ಬಂದದ್ದೇ ತಡ, ವರ್ಷಕ್ಕೆ 300 ಜನ ಬರುತ್ತಿದ್ದ ಊರಿಗೆ ಆರು ತಿಂಗಳಲ್ಲಿ 80,000 ಜನ ಬಂದರು. ಇದು ಆಗ ಪತ್ರಿಕೆಗಳಲ್ಲಿ ಬಂದ ಲೆಕ್ಕ.

ಸೋನಿಯವರು ಮಾತಿಗೆ ತಪ್ಪಲಿಲ್ಲ. ಬಿಳಿ ಹೊಡೆದುಕೊಡುತ್ತೇವೆ ಅಂದರು. ಆಗ ಊರಿನವರು ಮತ ಹಾಕಿ, ಬೇಡ, ನೀಲಿಯೇ ಇರಲಿ ಅಂದರು. ನಗಬೇಡಿ. ಆ ವರ್ಷ ಸ್ಪೇನ್‌ನಲ್ಲಿ ದುಡಿಯುವ ಐದು ಜನರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಚೆಸ್ಟ್‌ನಟ್ ವರ್ಷಕ್ಕೊಮ್ಮೆ ಮಾತ್ರ ಉದುರುತ್ತದೆ, ಪ್ರವಾಸಿ ವಾರಕ್ಕೊಮ್ಮೆ ಉದುರುತ್ತಾನೆ. ನಾನು ಅಲ್ಲಿದ್ದರೆ ಎರಡೂ ಕೈ ಎತ್ತುತ್ತಿದ್ದೆ.

ನೀಲಿ ಉಳಿಯಿತು. ಅಣಬೆ ಮನೆ ಬಂತು, ಗೋಡೆಯ ಮೇಲೆ ಕುಳ್ಳರು ಬಂದರು, ಅಂಗಡಿಯಲ್ಲಿ ಟೋಪಿ ಬಂತು. ನಡುವೆ ಒಂದು ಪ್ರಶ್ನೆಯೂ ಬಂತು. ಕುಳ್ಳರು ಯಾರ ಆಸ್ತಿ? ಪೇಯೋ ಅವರ ವಾರಸುದಾರರದ್ದು. ರಾಯಲ್ಟಿ ಮಾತು ಶುರುವಾಯಿತು, ಹೊಂದಿಕೆಯಾಗಲಿಲ್ಲ. 2017ರ ಆಗಸ್ಟ್ 15ರಿಂದ ಹುಸ್ಕರ್ ತನ್ನನ್ನು 'ಸ್ಮರ್ಫ್ ಊರು' ಅಂತ ಕರೆದುಕೊಳ್ಳುವ ಹಾಗಿಲ್ಲ ಅಂತಾಯಿತು. ಬಣ್ಣ ಇಟ್ಟುಕೊಳ್ಳಬಹುದು, ಹೆಸರು ಎತ್ತಬಾರದು.

ಅಂದರೆ ಈಗ ಪರಿಸ್ಥಿತಿ ಹೀಗಿದೆ. ಪ್ರವಾಸಿ ಬೆಟ್ಟದ ಡೊಂಕು ರಸ್ತೆಯಲ್ಲಿ ಬರುತ್ತಾನೆ. ಕಣ್ಣು ಕುಕ್ಕುವ ನೀಲಿ. 'ಇದೇನು ಇಷ್ಟು ನೀಲಿ?' ಅಂತ ಮಗು ಕೇಳುತ್ತದೆ. ಊರಿನ ಬೋರ್ಡು ಏನು ಹೇಳಬೇಕು? 'ಹೀಗೇ ಸುಮ್ನೆ' ಅನ್ನಬೇಕು. ಯಜಮಾನರ ಹೆಸರು ಹೇಳಬಾರದು ಅಂತ ಹಳೆ ಕಾಲದ ಹೆಂಗಸರು 'ನಮ್ಮ ಮನೆಯವರು' ಅನ್ನುತ್ತಿದ್ದರಲ್ಲ, ಹಾಗೆ ಈ ಊರು 'ನೀಲಿ ಊರು' ಅಂತಷ್ಟೇ ಹೇಳಿ ನಾಚಿಕೊಳ್ಳಬೇಕು.

ಒಬ್ಬರ ಕಣ್ಣಿಗೆ ಬೆಣ್ಣೆ, ಇನ್ನೊಬ್ಬರ ಕಣ್ಣಿಗೆ ಸುಣ್ಣ ಅನ್ನುತ್ತೇವೆ. ಇಲ್ಲಿ ಬೆಣ್ಣೆ ಬೆಲ್ಜಿಯಂನ ಹೆಸರಿಗೆ ಸಿಕ್ಕಿತು. ಸುಣ್ಣವಾದರೂ ಹುಸ್ಕರ್‌ಗೆ ಉಳಿಯಿತೇ ಅಂದರೆ ಅದೂ ಇಲ್ಲ. ಹೆಸರಿಗೆ ರಾಯಲ್ಟಿ ಕೇಳುವುದೇ ಆದರೆ ಈ ಕಣಿವೆಯಲ್ಲಿ ಇನ್ನೂ ಹಳೆ ಬಾಕಿ ಇದೆ. ಅಕ್ಕಪಕ್ಕದ ಊರುಗಳ ಹೆಸರು ನೋಡಿ: ಬೆನದಾಲಿದ್, ಬೆನಲೌರಿಯಾ, ಬೆನರ್ರಬಾ. ಎಲ್ಲ ಅರಬ್ಬೀ ಬೇರಿನವು. 1485ರಲ್ಲಿ ಕ್ರೈಸ್ತ ರಾಜರು ರೋಂಡಾ ಗೆದ್ದರು. ಮುಸ್ಲಿಂ ಮೂಲದ ಜನರನ್ನು 1609ರಿಂದ ದೇಶದಿಂದಲೇ ಹೊರಹಾಕಿದರು. ಮನೆ, ಹೊಲ, ಹೆಸರು ಮೂರನ್ನೂ ಇಟ್ಟುಕೊಂಡರು. ಅವರ ವಾರಸುದಾರರ ವಕೀಲರು ಇನ್ನೂ ಪತ್ರ ಬರೆದಿಲ್ಲ, ಪುಣ್ಯ.

ಒಂದು ದಾರಿ ಮಾತ್ರ ಇನ್ನೂ ತೆರೆದಿದೆ. ಮಾಲಗ ಕಡೆ ಬೆಳಗಿನ ತಿಂಡಿಗೆ ಒಂದು ಪುಟ್ಟ ಬನ್ನು ತಿನ್ನುತ್ತಾರೆ. ಟೊಮೆಟೊ, ಆಲಿವ್ ಎಣ್ಣೆ ಹಾಕಿ, ಇಲ್ಲವೇ ಹ್ಯಾಮ್, ಚೀಸ್ ಇಟ್ಟು. ಪುಟ್ಟದಾಗಿರುವುದರಿಂದ ಅದನ್ನು ಕರೆಯುವುದೇ ಪಿತುಫೊ ಅಂತ. ಆದ್ದರಿಂದ ಹುಸ್ಕರ್‌ನಲ್ಲಿ ನೀಲಿ ಗೋಡೆಗೆ ಬೆನ್ನು ಹಾಕಿ ಕೂತು, ಯಾವ ವಕೀಲರ ಭಯವೂ ಇಲ್ಲದೆ, ಗಟ್ಟಿಯಾಗಿ 'ಇಲ್ಲೊಂದು ಪಿತುಫೊ ಕೊಡಿ' ಅನ್ನಬಹುದು. ಬರುವ ಬನ್ನು ಕಂದು ಬಣ್ಣದ್ದು.